ಹಲಗೆಯ ಮೇಲೆ ಊರು, ಚಿಪ್ಪಿನೊಳಗೆ ತಳಿ

ಸಿಯಾಟಲ್ ನಗರದ ಆಯ್ಸ್ಟರ್ ಬಾರ್‌ಗಳಲ್ಲಿ ಅಚ್ಚುಹಾಕಿದ ಮೆನುವಿಗಿಂತ ಗೋಡೆಯ ಮೇಲಿನ ಕರಿಹಲಗೆಗೇ ಬೆಲೆ ಹೆಚ್ಚು. ಆ ದಿನ ಬಂದ ಮಾಲು ಯಾವುದೆಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಹಾಮಾ ಹಾಮಾ, ಪೆನ್ ಕೋವ್, ಫ್ಯಾನಿ ಬೇ, ಕುಸ್ಶಿ, ಶಿಗೋಕು, ಕುಮಾಮೊಟೊ. ಕೆಲವು ದಿನ ಖಂಡದ ಆಚೆ ದಡದಿಂದ ವಿಮಾನ ಹತ್ತಿ ಬಂದ ವೆಲ್‌ಫ್ಲೀಟ್, ಮಾಲ್ಪೀಕ್. ಒಂದೊಂದರ ಮುಂದೆ ಒಂದು ಸಾಲು ವರ್ಣನೆ: ಸೌತೆಕಾಯಿಯ ಪರಿಮಳ, ಖರಬೂಜದ ಸಿಹಿ, ಕೊನೆಯಲ್ಲಿ ತಾಮ್ರ. ಮೊದಲ ಸಲ ಓದುವವರಿಗೆ ಆಯ್ಸ್ಟರಿನಲ್ಲಿ ಇಷ್ಟೊಂದು ಜಾತಿಗಳಿವೆಯೇ ಎಂದು ಬೆರಗಾಗುತ್ತದೆ. ಅಷ್ಟೇನಿಲ್ಲ. ಮೇಲಿನ ಎಂಟು ಹೆಸರುಗಳ ಹಿಂದೆ ಇರುವುದು ಮೂರೇ ತಳಿ. ಹೆಸರುಗಳಲ್ಲಿ ಹೆಚ್ಚಿನವು ಊರಿನವು, ಕೊಲ್ಲಿಯವು. ಒಂದೆರಡು ಮಾರಾಟಕ್ಕೆಂದೇ ಇಟ್ಟವು.

ಆಯ್ಸ್ಟರ್ ನಮ್ಮ ಕರಾವಳಿಗೆ ಹೊಸತಲ್ಲ. ಕಾರವಾರದ ಕಡೆ ಕಲ್ವ ಎಂದು ಬಂಡೆಯಿಂದ ಕಿತ್ತು ತರುವುದು ಇದರ ಸೋದರಸಂಬಂಧಿಯನ್ನೇ. ನಮಗೆ ಹೊಸತೆನಿಸುವುದು ಅದನ್ನು ಹಸಿಯಾಗಿ, ಜೀವ ಇರುವಾಗಲೇ, ಮಸಾಲೆಯ ಸೋಂಕೂ ಇಲ್ಲದೆ ತಿನ್ನುವ ಪದ್ಧತಿ. ತಿಂದು ‘ಇದು ಇಂಥ ಕೊಲ್ಲಿಯದು’ ಎಂದು ತೀರ್ಪು ಕೊಡುವ ಚಟ. ಆ ಚಟ ಹತ್ತಿಸಿಕೊಂಡವರ ನಡುವೆ ಕೂತರೆ ರುಚಿಯೆಲ್ಲ ಊರಿನ ಮಹಿಮೆಯೇ ಆಗಿಬಿಡುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಊರಿಗೆ ರುಚಿ ಇದೆ, ಸುಳ್ಳಲ್ಲ. ಆದರೆ ಮೊದಲು ಕೇಳಬೇಕಾದದ್ದು ತಳಿ, ಆಮೇಲೆ ತಿಂಗಳು, ಆಮೇಲೆ ಬೆಳೆದವರ ಕೈ. ಊರು ಬರುವುದು ಇವುಗಳ ನಂತರ. ಆಪೂಸು ರತ್ನಾಗಿರಿಯದೋ ದೇವಗಡದ್ದೋ ಎಂದು ಜಗಳ ಹೂಡುವ ಮೊದಲು ಕೈಯಲ್ಲಿರುವುದು ಆಪೂಸೋ ಅಂಕೋಲೆಯ ಕರಿ ಇಶಾಡೋ ಎಂದಾದರೂ ಗೊತ್ತಿರಬೇಕಲ್ಲ.

ಉತ್ತರದ ತಣ್ಣೀರಿನ ಕಡಲುಗಳಿಂದ ತಟ್ಟೆಗೆ ಬರುವ ಮುಖ್ಯ ತಳಿಗಳು ಐದು. ಜಪಾನಿನ ಕಡೆಯಿಂದ ಹೊರಟು ಈಗ ಲೋಕದಲ್ಲೇ ಅತಿ ಹೆಚ್ಚು ಕಡೆ ಸಾಕಣೆಯಾಗುತ್ತಿರುವುದು ಪೆಸಿಫಿಕ್ ಆಯ್ಸ್ಟರ್. ಅದರ ಚಿಪ್ಪಿಗೆ ನಿರಿಗೆ ನಿರಿಗೆಯ ಅಂಚು, ಮಾಂಸಕ್ಕೆ ಕೆನೆಯ ಹದ, ಮೂಗಿಗೆ ಸೌತೆಕಾಯಿ. ಈ ಸೌತೆಕಾಯಿ ಕವಿಸಮಯವಲ್ಲ. ಎಳೆ ಸೌತೆಯನ್ನು ಹೆಚ್ಚಿದಾಗ ಏಳುವ ಪರಿಮಳದ ಸಂಯುಕ್ತವೇ ಈ ಆಯ್ಸ್ಟರಿನಲ್ಲೂ ಇದೆ. ಎರಡನೆಯದು ಅಟ್ಲಾಂಟಿಕ್ ಆಯ್ಸ್ಟರ್, ವರ್ಜಿನಿಕಾ. ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಇರುವುದು ಬಹುತೇಕ ಇದೊಂದೇ ತಳಿ. ಚಿಪ್ಪು ನುಣುಪು, ಕಣ್ಣೀರ ಹನಿಯ ಆಕಾರ. ಸೌತೆ, ಖರಬೂಜ ಯಾವುದೂ ಇಲ್ಲಿಲ್ಲ. ಮೊದಲು ಉಪ್ಪು, ಆಮೇಲೆ ಮಾಂಸದ ಸಾರ, ಕೊನೆಗೆ ಕಲ್ಲು ನೆಕ್ಕಿದಂಥ ಒಂದು ತಂಪು. ಮೂರನೆಯದು ಯುರೋಪಿನ ಚಪ್ಪಟೆ ಆಯ್ಸ್ಟರ್. ಫ್ರಾನ್ಸಿನ ಬ್ರಿಟನಿಯ ಬೆಲೊಂ ನದಿಯ ಹೆಸರಿನಲ್ಲಿ ಪ್ರಸಿದ್ಧ. ಸಾಸರಿನ ಹಾಗೆ ದುಂಡಗಿದ್ದು, ನಾಲಿಗೆಯ ಮೇಲೆ ಲೋಹದ ರುಚಿ ಬಿಟ್ಟು ಹೋಗುತ್ತದೆ, ಬಹಳ ಹೊತ್ತು ಹೋಗುವುದೂ ಇಲ್ಲ. ಇದನ್ನು ಮೊದಲ ಸಲ ತಿಂದವರು ಸಾಮಾನ್ಯವಾಗಿ ಮುಖ ಕಿವುಚುತ್ತಾರೆ. ನಾಲ್ಕನೆಯದು ಕುಮಾಮೊಟೊ, ಜಪಾನಿನ ಕ್ಯೂಷೂ ದ್ವೀಪದ್ದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಪಶ್ಚಿಮ ತೀರಕ್ಕೆ ಬಂದು ಅಲ್ಲೇ ಹೆಸರು ಮಾಡಿತು. ಗಾತ್ರ ಚಿಕ್ಕದು, ಬಟ್ಟಲು ಆಳ, ಸಿಹಿ. ಹೊಸಬರಿಗೆ ಕೊಡಬೇಕಾದದ್ದು ಇದನ್ನೇ. ಐದನೆಯದು ಒಲಿಂಪಿಯಾ. ಅಮೆರಿಕದ ಪಶ್ಚಿಮ ತೀರದ ಮೂಲ ನಿವಾಸಿ, ದೊಡ್ಡ ನಾಣ್ಯದಷ್ಟೇ ಅಗಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಹುಡುಕಿ ಬಂದವರು 1850ರ ದಶಕದಿಂದ ಇದನ್ನು ತಿಂದು ತಿಂದು ಬರಿದುಮಾಡಿದರು. ಮೈ ಚಿಕ್ಕದಾದರೂ ಖಾರವಾದ ತಾಮ್ರದ ರುಚಿ. ಯುರೋಪಿನ ಚಪ್ಪಟೆಗೆ ಇದು ಹತ್ತಿರದ ನೆಂಟ, ರುಚಿಯಲ್ಲೇ ಅದು ಗೊತ್ತಾಗುತ್ತದೆ.

ಈಗ ನೀರಿನ ವಿಷಯ. ಕಡಲಿನ ಉಪ್ಪು ಆಯ್ಸ್ಟರಿಗೆ ಬರುವುದು ಬರೀ ಚಿಪ್ಪಿನಲ್ಲಿ ಉಳಿದ ನೀರಿನಿಂದ ಎಂದು ಅನೇಕರು ಅಂದುಕೊಂಡಿರುತ್ತಾರೆ. ಅದಕ್ಕಿಂತ ಸ್ವಾರಸ್ಯದ ಕೆಲಸವೊಂದು ಒಳಗೆ ನಡೆದಿರುತ್ತದೆ. ಮೀನು ತನ್ನ ರಕ್ತದ ಉಪ್ಪನ್ನು ಒಂದು ಮಟ್ಟದಲ್ಲಿ ಕಾದುಕೊಳ್ಳಬಲ್ಲದು. ಆಯ್ಸ್ಟರಿಗೆ ಆ ಸಾಮರ್ಥ್ಯವಿಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಮೈಯೊಳಗಿನ ದ್ರವವೂ ಅಷ್ಟೇ ಉಪ್ಪು. ಜೀವಕೋಶದೊಳಗೂ ಅಷ್ಟೇ ಉಪ್ಪು ತುಂಬಿದರೆ ಕೋಶದ ಕೆಲಸವೆಲ್ಲ ಕೆಟ್ಟುಹೋಗುತ್ತದೆ. ತುಂಬದೆ ಬಿಟ್ಟರೆ ಹೊರಗಿನ ಉಪ್ಪು ಕೋಶದ ನೀರನ್ನು ಹೀರಿ ಅದನ್ನು ಬಾಡಿಸುತ್ತದೆ. ಹಾಗಾಗಿ ಆಯ್ಸ್ಟರ್ ಉಪ್ಪಿನ ಬದಲು ಬೇರೆ ಸರಕನ್ನು ಕೋಶದಲ್ಲಿ ಪೇರಿಸಿಡುತ್ತದೆ: ಗ್ಲೈಸೀನ್, ಅಲನೀನ್, ಗ್ಲುಟಮೇಟ್ ಮುಂತಾದ ಬಿಡಿ ಅಮೈನೊ ಆಮ್ಲಗಳು. ಮೊದಲಿನ ಎರಡು ಸಿಹಿ. ಗ್ಲುಟಮೇಟ್ ಎಂದರೆ ಗೋಬಿ ಮಂಚೂರಿ ಗಾಡಿಯವರು ಚಿಟಿಕೆ ಹಾಕುವ ಅಜಿನೊಮೊಟೊದ ರುಚಿ. ನೀರು ಉಪ್ಪಾದಷ್ಟೂ ಈ ದಾಸ್ತಾನು ಹೆಚ್ಚಬೇಕು, ದಾಸ್ತಾನು ಹೆಚ್ಚಿದಷ್ಟೂ ಮಾಂಸಕ್ಕೆ ರುಚಿ. ತೆರೆದ ಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ತುದಿಯ ಹತ್ತಿರವಿರುವ ವೆಲ್‌ಫ್ಲೀಟಿನ ನೀರು ಅದರ ಹತ್ತಿರ ಹತ್ತಿರ. ಅದೇ ತೀರದಲ್ಲಿ ದಕ್ಷಿಣಕ್ಕಿರುವ ಚೆಸಪೀಕ್ ಕೊಲ್ಲಿಯ ಒಳಭಾಗದಲ್ಲಿ ಅರ್ಧಕ್ಕೂ ಕಡಿಮೆ. ಎರಡೂ ಕಡೆ ವರ್ಜಿನಿಕಾವೇ. ಚೆಸಪೀಕಿನದು ಬೆಣ್ಣೆಯ ಹಾಗೆ ಮೃದು, ಸ್ವಲ್ಪ ಚಪ್ಪೆ. ವೆಲ್‌ಫ್ಲೀಟಿನದು ಕಚ್ಚಿದ ಕೂಡಲೇ ಎಚ್ಚರಿಸುತ್ತದೆ.

ಹಾಗಾದರೆ ನದಿ ಸೇರದ, ಪೂರ್ತಿ ಉಪ್ಪಾದ ತೆರೆದ ಕಡಲಿನಲ್ಲೇ ಬೆಳೆದರೆ ಒಳ್ಳೆಯದಲ್ಲವೇ? ಅಲ್ಲಿ ತಿನ್ನಲು ಸಾಕಷ್ಟು ಸಿಗುವುದಿಲ್ಲ. ಆಯ್ಸ್ಟರಿನ ಊಟ ಸೂಕ್ಷ್ಮ ಪಾಚಿ. ಆ ಪಾಚಿಗೆ ನದಿ ಹೊತ್ತು ತರುವ ಗೊಬ್ಬರ ಬೇಕು. ಉಪ್ಪಿದ್ದು ಊಟವಿಲ್ಲದ ನೀರಿನಲ್ಲಿ ಬೆಳೆದದ್ದು ಬಾಯಿಗೆ ಬರೀ ಉಪ್ಪುನೀರಾಗಿ, ಮೈ ತೆಳ್ಳಗೆ ಪಾರದರ್ಶಕವಾಗಿ ಇರುತ್ತದೆ. ಹೊಟ್ಟೆ ತುಂಬ ಪಾಚಿ ತಿಂದದ್ದು ಗ್ಲೈಕೊಜೆನ್ ಎಂಬ ಪಿಷ್ಟವನ್ನು ಕೂಡಿಟ್ಟು ಕೆನೆಬಣ್ಣಕ್ಕೆ ತಿರುಗಿ ಕೊಬ್ಬುತ್ತದೆ. ಆ ಕೊಬ್ಬೇ ಬಾಯಿ ತುಂಬಿದ ಅನುಭವ ಕೊಡುವುದು. ಹೆಸರಾಂತ ಆಯ್ಸ್ಟರ್ ಊರುಗಳೆಲ್ಲ ಅಳಿವೆಗಳಲ್ಲಿ, ಒಳನಾಡಿಗೆ ಚಾಚಿದ ಕಡಲಿನ ತೋಳುಗಳಲ್ಲಿ ಇರುವುದು ಇದಕ್ಕೇ.

ತಣ್ಣೀರು ಇದಕ್ಕೆ ಸೇರಿಸುವುದು ಕಾಲವನ್ನು. ನೀರು 5 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದರೆ ಅಟ್ಲಾಂಟಿಕ್ ಆಯ್ಸ್ಟರ್ ಊಟ ನಿಲ್ಲಿಸಿ ಚಿಪ್ಪು ಮುಚ್ಚಿ ಮಲಗಿಬಿಡುತ್ತದೆ. ಮಲಗುವ ಮೊದಲಿನ ವಾರಗಳಲ್ಲಿ ಗಬಗಬನೆ ತಿಂದು ಗ್ಲೈಕೊಜೆನ್ ಕೂಡಿಡುತ್ತದೆ. ನವೆಂಬರ್, ಡಿಸೆಂಬರಿನ ಉತ್ತರದ ಆಯ್ಸ್ಟರ್ ಅಷ್ಟು ಸಿಹಿಯಾಗಿರುವುದು ಈ ಚಳಿಗಾಲದ ಬುತ್ತಿಯಿಂದ. ಲೂಸಿಯಾನಾದ ಬೆಚ್ಚನೆಯ ನೀರಿನಲ್ಲಿ ಎರಡು ವರ್ಷದೊಳಗೆ ಮಾರಾಟದ ಗಾತ್ರಕ್ಕೆ ಬರುವ ವರ್ಜಿನಿಕಾ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ನಾಲ್ಕೈದು ವರ್ಷ ತೆಗೆದುಕೊಳ್ಳುತ್ತದೆ. ಅಲ್ಲಿನ ಕೊಲ್ಲಿಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಆಗ ಮಾಲು ಬೇಕಾದರೆ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಕೆಳಗಿನಿಂದ ಎತ್ತಬೇಕು.

ಆ ದ್ವೀಪದ ಮಾಲ್ಪೀಕ್, ಮೇನ್ ರಾಜ್ಯದ ಡಾಮರಿಸ್ಕಾಟಾ ನದಿ, ಕೇಪ್ ಕಾಡಿನ ವೆಲ್‌ಫ್ಲೀಟ್. ಈ ಮೂರನ್ನು ಒಂದೇ ತಟ್ಟೆಯಲ್ಲಿ ತರಿಸಿಕೊಂಡರೆ ತಳಿ ಬದಲಾಗದೆ ನೀರು ಮಾತ್ರ ಬದಲಾದಾಗ ಏನಾಗುತ್ತದೆ ಎಂದು ನಾಲಿಗೆಗೇ ತಿಳಿಯುತ್ತದೆ. ಮಾಲ್ಪೀಕ್ ಹಗುರ, ಗರಿಗರಿ, ಎಳೆ ಸೊಪ್ಪಿನ ನೆನಪು ಬರುವಂಥದು. ವೆಲ್‌ಫ್ಲೀಟ್ ಉಪ್ಪಿನ ಹೊಡೆತ. ಡಾಮರಿಸ್ಕಾಟಾ ಇವೆರಡರ ನಡುವೆ, ಆದರೆ ಮಾಂಸ ಹೆಚ್ಚು ದಟ್ಟ. ಕಿರಿದಾದ, ಕಡಲಿನಿಂದ ಒಳಕ್ಕೆ ಉದ್ದಕ್ಕೂ ನುಗ್ಗಿದ ಆ ನದಿಯ ದಡದಲ್ಲಿ ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಹಿಂದೆ ತಿಂದೆಸೆದ ಚಿಪ್ಪಿನ ದಿಬ್ಬಗಳಿವೆ. ಅವುಗಳಲ್ಲಿ ದೊಡ್ಡದೊಂದನ್ನು 1880ರ ದಶಕದಲ್ಲಿ ಅಗೆದು ಪುಡಿಮಾಡಿ ಕೋಳಿಗಳಿಗೆ ತಿನ್ನಿಸಿಬಿಟ್ಟರು. ಉಳಿದದ್ದನ್ನು ಈಗ ಕಾಪಾಡಿ ಇಟ್ಟಿದ್ದಾರೆ.

ಇದೇ ನದಿಯಲ್ಲಿ ನನ್ನ ವಾದಕ್ಕೆ ಬೇಕಾದ ಇನ್ನೊಂದು ಸಾಕ್ಷಿಯೂ ಇದೆ. 1950ರ ದಶಕದಲ್ಲಿ ಯುರೋಪಿನ ಚಪ್ಪಟೆ ಆಯ್ಸ್ಟರನ್ನು ಮೇನ್ ತೀರಕ್ಕೆ ತಂದು ಬಿಟ್ಟರು. ಸಾಕಣೆ ಕೈಗೂಡಲಿಲ್ಲ, ಆದರೆ ಕೆಲವು ತಾವಾಗಿಯೇ ಬೇರೂರಿ ಕಾಡುಬೆಳೆಯಾದವು. ಹಾಗಾಗಿ ಡಾಮರಿಸ್ಕಾಟಾದ ಒಂದೇ ನೀರು ಕುಡಿದ ಎರಡು ತಳಿಗಳು ಇಂದು ತಿನ್ನಲು ಸಿಗುತ್ತವೆ. ಒಂದರ ಹಿಂದೆ ಒಂದು ಬಾಯಿಗೆ ಹಾಕಿದರೆ ಇವೆರಡೂ ಒಂದೇ ಊರಿನವು ಎಂದು ಯಾರೂ ಪ್ರಮಾಣ ಮಾಡಲಾರರು. ಒಂದು ತಿಳಿ, ಒಂದು ಲೋಹ. ವಾಷಿಂಗ್ಟನ್ ರಾಜ್ಯದ ಟಾಟನ್ ಇನ್ಲೆಟಿನಲ್ಲೂ ಅಟ್ಲಾಂಟಿಕ್ ತಳಿಯನ್ನು ತಂದು ಬೆಳೆಸಿ ಮಾರಿದ್ದರು. ಸುತ್ತಲಿನ ಪೆಸಿಫಿಕ್ ಆಯ್ಸ್ಟರುಗಳಿಗೆ ಸೌತೆಕಾಯಿ ಕೊಟ್ಟ ಅದೇ ನೀರು ಅದಕ್ಕೆ ಕೊಡಲಿಲ್ಲ. ಅಲ್ಲಿನ ಪಾಚಿಯಿಂದ ಮೈ ತುಂಬಿಕೊಂಡಿತು, ಉಪ್ಪು ಸ್ವಲ್ಪ ತಗ್ಗಿತು, ಆದರೂ ವರ್ಜಿನಿಕಾ ವರ್ಜಿನಿಕಾವಾಗಿಯೇ ಉಳಿಯಿತು.

ಇಷ್ಟು ಹೇಳಿದ ಮೇಲೆ ತಿನ್ನುವ ಬಗೆಯನ್ನೂ ಹೇಳಬೇಕು, ಏಕೆಂದರೆ ಬಹಳ ಜನ ರುಚಿ ನೋಡದೆಯೇ ನುಂಗುತ್ತಾರೆ. ಬಿಡಿಸುವವರ ಎದುರಿನ ಕಟ್ಟೆಯಲ್ಲೇ ಜಾಗ ಹಿಡಿಯಿರಿ. ಮಡಿಸಿದ ದಪ್ಪ ಬಟ್ಟೆಯಲ್ಲಿ ಆಯ್ಸ್ಟರನ್ನು ಬಟ್ಟಲಿನ ಭಾಗ ಕೆಳಗಾಗಿ ಹಿಡಿದು, ಮೊಂಡು ಮೊನೆಯ ಗಿಡ್ಡ ಚೂರಿಯನ್ನು ಚಿಪ್ಪಿನ ಕೀಲಿಗೆ ಊರುತ್ತಾರೆ. ಬಲ ಬೇಡ. ಮೊನೆ ಕೂತ ಮೇಲೆ ಮಣಿಕಟ್ಟನ್ನು ತಿರುವಿದರೆ ಕೀಲು ‘ಟಕ್’ ಎನ್ನುತ್ತದೆ. ಚೂರಿಯನ್ನು ಒರೆಸಿ, ಮೇಲಿನ ಚಿಪ್ಪಿಗೆ ಒತ್ತಿಕೊಂಡೇ ಒಳಗೆ ಸರಿಸಿ ಅಲ್ಲಿ ಅಂಟಿರುವ ಸ್ನಾಯುವನ್ನು ಕೊಯ್ಯುತ್ತಾರೆ. ಮುಚ್ಚಳ ಕೈಗೆ ಬರುತ್ತದೆ. ಕೆಳಗೂ ಹಾಗೆಯೇ ಒಂದು ಗೀರು. ಕೈ ಪಳಗಿದವರು ಬಿಡಿಸಿದ್ದರಲ್ಲಿ ಮಾಂಸಕ್ಕೆ ಒಂದು ಗಾಯವೂ ಇರುವುದಿಲ್ಲ, ನೀರೂ ಚೆಲ್ಲಿರುವುದಿಲ್ಲ. ಅಂಚಿನ ಕಪ್ಪು ನಿರಿಗೆಯನ್ನು ಮುಟ್ಟಿದರೆ ಅದು ಮೆಲ್ಲಗೆ ಹಿಂದೆ ಸರಿಯಬೇಕು. ಸರಿದರೆ ಜೀವವಿದೆ ಎಂದರ್ಥ. ಅದನ್ನು ಕಂಡು ತಟ್ಟೆ ಪಕ್ಕಕ್ಕೆ ತಳ್ಳುವವರಿದ್ದಾರೆ, ಅವರನ್ನು ದೂರುವಂತಿಲ್ಲ.

ಮೊದಲನೆಯದಕ್ಕೆ ನಿಂಬೆ ಬೇಡ. ವಿನೆಗರಿನಲ್ಲಿ ಸಣ್ಣ ಈರುಳ್ಳಿ, ಮೆಣಸುಪುಡಿ ಕಲಸಿದ ಫ್ರೆಂಚರ ಮಿನ್ಯೊನೆಟ್ ಬೇಡ. ಕೆಂಪು ಸಾಸಂತೂ ಬೇಡವೇ ಬೇಡ. ಅದನ್ನು ಸುರಿದ ಮೇಲೆ ಮೇನ್ ಯಾವುದು, ಮೆಕ್ಸಿಕೊ ಕೊಲ್ಲಿ ಯಾವುದು ಎಂದು ಕೇಳುವ ಹಕ್ಕು ಉಳಿಯುವುದಿಲ್ಲ. ಮೂಗಿನ ಹತ್ತಿರ ತಂದು ಮೂಸಿ. ಚಿಪ್ಪಿನ ನೀರನ್ನು ಒಂದು ಗುಟುಕು ಹೀರಿ, ಉಪ್ಪು ಎಷ್ಟೆಂದು ಅಲ್ಲಿಗೆ ತಿಳಿಯಿತು. ಫ್ರಾನ್ಸಿನಲ್ಲಿ ಅನೇಕರು ಈ ಮೊದಲ ನೀರನ್ನು ಚೆಲ್ಲಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮಾಂಸ ತಾನೇ ಇನ್ನಷ್ಟು ನೀರು ಬಿಡುತ್ತದೆ. ಅದು ಮೊದಲಿನದಕ್ಕಿಂತ ನಯ ಎನ್ನುವುದು ಅವರ ಮಾತು. ನನಗೂ ಹಾಗೇ ಅನಿಸಿದೆ. ಆಮೇಲೆ ಮಾಂಸವನ್ನು ಬಾಯಿಗೆ ಹಾಕಿ ಅಗಿಯಿರಿ. ತಲೆ ಹಿಂದಕ್ಕೆ ವಾಲಿಸಿ ಗುಳುಕ್ಕನೆ ನುಂಗುವುದು ಸಿನಿಮಾದವರ ರೂಢಿ. ಅಗಿದರೆ ಮಾತ್ರ ಅಮೈನೊ ಆಮ್ಲಗಳ ಸಿಹಿ ಹೊರಬರುತ್ತದೆ. ನಡುವೆ ಹಲ್ಲಿಗೆ ಸಿಗುವ ಗಟ್ಟಿ ಗುಂಡು ಆ ಸ್ನಾಯು. ಅತಿ ಹೆಚ್ಚು ಸಿಹಿ ಇರುವುದು ಅಲ್ಲೇ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಸೌತೆಕಾಯಿಯೋ ತಾಮ್ರವೋ ಹೇಳಿಕೊಳ್ಳುವುದು ಆಗ. ಇನ್ನೊಂದು ಮಾತು: ಐಸಿನ ಮೇಲೆ ಬಹಳ ಹೊತ್ತು ಇಟ್ಟದ್ದನ್ನು ಕೂಡಲೇ ತಿನ್ನಬೇಡಿ, ಕೊರೆಯುವ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ. ತಿಂದು ಮುಗಿದ ಮೇಲೆ ಖಾಲಿ ಚಿಪ್ಪಿನ ಒಳಗೆ ಸ್ನಾಯು ಅಂಟಿದ್ದ ಜಾಗ ನೋಡಿ. ಗಾಢ ನೇರಳೆ ಕಲೆಯಿದ್ದರೆ ಅಟ್ಲಾಂಟಿಕ್ ತಳಿ. ಹಲಗೆಯ ಮೇಲೆ ಏನೇ ಬರೆದಿರಲಿ, ಈ ಕಲೆ ಸುಳ್ಳು ಹೇಳುವುದಿಲ್ಲ.

ಬೆಳೆದವರ ಕೈಯ ವಿಷಯಕ್ಕೆ ಬರೋಣ. ವಾಷಿಂಗ್ಟನ್ ರಾಜ್ಯದ ಹುಡ್ ಕೆನಾಲ್ ಹೆಸರಿಗೆ ಕಾಲುವೆ. ನಿಜದಲ್ಲಿ ಹಿಮನದಿ ಕೊರೆದುಹೋದ ಕಡಲಿನ ತೋಳು. ಅದರ ದಡದ ಜಲ್ಲಿ ನೆಲದ ಮೇಲೆ, ಒಲಿಂಪಿಕ್ ಬೆಟ್ಟಗಳ ಹಿಮ ಕರಗಿ ಬರುವ ನದಿಯ ಬಾಯಲ್ಲಿ, ಹಾಮಾ ಹಾಮಾ ಬೆಳೆಯುತ್ತದೆ. ದಿನಕ್ಕೆರಡು ಸಲ ಇಳಿತ ಬಂದಾಗ ಗಾಳಿಗೆ ಬೀಳುತ್ತದೆ. ಆ ಹೊತ್ತೆಲ್ಲ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಹೀಗೆ ವ್ಯಾಯಾಮವಾದ ಸ್ನಾಯು ಬಲವಾಗುತ್ತದೆ, ಚಿಪ್ಪು ಗಟ್ಟಿಯಾಗುತ್ತದೆ, ದೂರದ ಊರಿಗೆ ಹೋದರೂ ನೀರು ಚೆಲ್ಲುವುದಿಲ್ಲ. ಸದಾ ನೀರಿನಲ್ಲೇ ತೂಗಿಬಿಟ್ಟದ್ದಕ್ಕೆ ಮೂರು ಹೊತ್ತೂ ಊಟ. ಬೇಗ ಬೆಳೆಯುತ್ತದೆ, ಚಿಪ್ಪು ತೆಳು. ಕೆನಡಾದ ವ್ಯಾಂಕೂವರ್ ದ್ವೀಪದ ಕಡೆಯ ಕುಸ್ಶಿಯನ್ನು ಯಂತ್ರದ ಪೀಪಾಯಿಗೆ ಹಾಕಿ ಮತ್ತೆ ಮತ್ತೆ ಉರುಳಿಸುತ್ತಾರೆ. ಹೊಸದಾಗಿ ಮೂಡಿದ ಚಿಪ್ಪಿನ ಅಂಚು ಮುರಿಯುತ್ತದೆ. ಉದ್ದಕ್ಕೆ ಬೆಳೆಯಲು ಬಿಡದ ಕಾರಣ ಆಯ್ಸ್ಟರ್ ಆಳಕ್ಕೆ ಬೆಳೆಯುತ್ತದೆ. ಅಂಗೈಯಷ್ಟು ಉದ್ದವಾಗಬೇಕಿದ್ದ ತಳಿ ಗುಂಡಗಿನ ಬಟ್ಟಲಾಗಿ, ಒಳಗೆ ಮಾಂಸ ತುಂಬಿ ತುಳುಕುವ ಹಾಗೆ ಆಗುವುದು ಹೀಗೆ. ಹಾಮಾ ಹಾಮಾ, ಕುಸ್ಶಿ ಎರಡೂ ಪೆಸಿಫಿಕ್. ಎರಡರ ನಡುವಿನ ವ್ಯತ್ಯಾಸದಲ್ಲಿ ನೀರಿನ ಪಾಲೆಷ್ಟು, ಪೀಪಾಯಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಕೈಗೆ ಊರಿಗಿಂತ ಹೆಚ್ಚು ಗೌರವ ಕೊಟ್ಟವರು ಫ್ರೆಂಚರು. ಫ್ರಾನ್ಸಿನ ಪಶ್ಚಿಮ ತೀರದ ಮಾರೆನ್-ಒಲೆರೊನಿನಲ್ಲಿ ಆಯ್ಸ್ಟರ್ ಕಡಲಿನಲ್ಲಿ ಬೆಳೆದ ಮೇಲೆ ಅದನ್ನು ತಂದು ‘ಕ್ಲೇರ್’ ಎಂಬ ಕೊಳಗಳಲ್ಲಿ ಬಿಡುತ್ತಾರೆ. ಇವು ಹಳೆಯ ಉಪ್ಪಿನಾಗರಗಳು. ಜೇಡಿ ತಳ, ಮೊಣಕಾಲಿನವರೆಗೆ ನೀರು. ‘ಫೀನ್ ದ ಕ್ಲೇರ್’ ಅನಿಸಿಕೊಳ್ಳಲು ಕೆಲವು ವಾರ ಸಾಕು. ‘ಪೂಸ್ ಆನ್ ಕ್ಲೇರ್’ ಆಗಬೇಕಾದರೆ ಕನಿಷ್ಠ 4 ತಿಂಗಳು ಇರಬೇಕು, ಅದೂ ಚದರ ಮೀಟರಿಗೆ ಐದಕ್ಕಿಂತ ಹೆಚ್ಚು ಬಿಡುವಂತಿಲ್ಲ. ಇಷ್ಟು ವಿಶಾಲವಾದ ಮನೆ ಪ್ಯಾರಿಸಿನಲ್ಲಿ ಮನುಷ್ಯರಿಗೂ ದುರ್ಲಭ. ಈ ಕೊಳಗಳಲ್ಲಿ ನೀಲಿ ಬಣ್ಣದ ಒಂದು ಸೂಕ್ಷ್ಮ ಪಾಚಿ ಬೆಳೆಯುತ್ತದೆ. ನೀರು ಸೋಸುವಾಗ ಅದರ ಬಣ್ಣ ಆಯ್ಸ್ಟರಿನ ಕಿವಿರಿಗೆ ಹಿಡಿದು ಹಸಿರಾಗಿ ಕಾಣುತ್ತದೆ. ಆ ಹಸಿರಿಗೆ ಬೇರೆಯೇ ರುಚಿಯಿದೆ ಎನ್ನುವವರಿದ್ದಾರೆ. ನನಗೆ ಕಣ್ಣು ನಾಲಿಗೆಗೆ ಹೇಳಿಕೊಟ್ಟ ಪಾಠ ಅದು ಎನಿಸುತ್ತದೆ. ಆದರೆ ಕೊಳದ ನೀರಿನಲ್ಲಿ ಕಡಲಿನ ಒರಟು ಉಪ್ಪು ಇಳಿದು ರುಚಿ ದುಂಡಗಾಗುವುದು ಮಾತ್ರ ನಿಜ. ಇನ್ನು ಬ್ರಿಟನಿಯ ಕಾಂಕಾಲ್ ಇದಕ್ಕೆ ತದ್ವಿರುದ್ಧ. ದೊಡ್ಡ ಉಬ್ಬರದ ದಿನ ಅಲ್ಲಿ ನೀರು 13 ಮೀಟರಿನಷ್ಟು ಏರಿಳಿಯುತ್ತದೆ. ಕಾರವಾರದಲ್ಲಿ ಅದು 2 ಮೀಟರಿನ ಆಸುಪಾಸು. ಕಾಂಕಾಲಿನ ಆಯ್ಸ್ಟರಿನಲ್ಲಿ ಅಯೋಡಿನ್ ಘಾಟು, ಉಪ್ಪು, ಬಿಗಿ. ದಕ್ಕೆಯ ಮೇಲಿನ ಸಂತೆಯಲ್ಲಿ ಕೊಂಡು, ಗೋಡೆಯ ಮೇಲೆ ಕೂತು ತಿಂದು, ಚಿಪ್ಪನ್ನು ಕೆಳಗಿನ ದಡಕ್ಕೆ ಎಸೆಯುವುದು ಅಲ್ಲಿನ ಪದ್ಧತಿ. ಅಂದಹಾಗೆ ಫ್ರೆಂಚ್ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಆಯ್ಸ್ಟರ್ ಚಿಕ್ಕದು. 5 ಎಂದರೆ ಅತಿ ಚಿಕ್ಕದು. ಗೊತ್ತಿಲ್ಲದೆ 0 ಕೇಳಿದರೆ ಒಂದು ಮುಷ್ಟಿ ಮಾಂಸ ಎದುರಿಗೆ ಬರುತ್ತದೆ.

ಊರಿನ ಹೆಸರನ್ನು ಅತಿಯಾಗಿ ನಂಬಬಾರದೆಂದು ಕಲಿಸುವುದೂ ಫ್ರಾನ್ಸೇ. ಶತಮಾನಗಳ ಕಾಲ ಅಲ್ಲಿ ತಿಂದದ್ದು ಯುರೋಪಿನ ಚಪ್ಪಟೆ ತಳಿ. 1868ರಲ್ಲಿ ಪೋರ್ಚುಗಲ್‌ನಿಂದ ಆಯ್ಸ್ಟರ್ ಹೇರಿಕೊಂಡು ಬಂದ ‘ಮೊರ್ಲೇಸಿಯನ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಜಿರೋಂದ್ ಅಳಿವೆಯಲ್ಲಿ ಆಶ್ರಯ ಪಡೆಯಿತು. ಮಾಲು ಕೊಳೆಯುತ್ತಿದೆ ಎಂದು ಅಲ್ಲೇ ನೀರಿಗೆ ಸುರಿದರು. ಸುರಿದದ್ದರಲ್ಲಿ ಬದುಕಿದ್ದವು ಹಬ್ಬಿದವು. ಪೋರ್ಚುಗೀಸ್ ಎಂದು ಕರೆಸಿಕೊಂಡ ಈ ತಳಿಯೂ ಮೂಲದಲ್ಲಿ ಏಷ್ಯಾದ್ದು, ಹಿಂದೆಂದೋ ಹಡಗಿನ ತಳಕ್ಕೆ ಅಂಟಿಕೊಂಡೋ ಮತ್ತೆ ಹೇಗೋ ಬಂದದ್ದು. 1970ರ ದಶಕದ ಆರಂಭದಲ್ಲಿ ವೈರಸ್ ರೋಗವೊಂದು ಅದನ್ನು ಗುಡಿಸಿಹಾಕಿತು. ಚಪ್ಪಟೆ ತಳಿಗೂ ಆ ಸುಮಾರಿಗೆ ಪರೋಪಜೀವಿಗಳ ಕಾಟ. ಆಗ ಜಪಾನಿನಿಂದ ಮರಿಗಳನ್ನೂ ಕೆನಡಾದಿಂದ ತಾಯಿ ಆಯ್ಸ್ಟರುಗಳನ್ನೂ ತರಿಸಿ ಪೆಸಿಫಿಕ್ ತಳಿಯನ್ನು ನೆಲೆಗೊಳಿಸಿದರು. ಇಂದು ಫ್ರಾನ್ಸಿನಲ್ಲಿ ಬೆಳೆಯುವುದು ಬಹುತೇಕ ಅದೇ. ಮಾರೆನ್ ಎಂಬ ಹೆಸರು ಹಾಗೇ ಇದೆ, ಅಂಗಡಿಯ ಬುಟ್ಟಿ ಹಾಗೇ ಇದೆ, ಒಳಗಿನ ಜೀವಿ ನೂರೈವತ್ತು ವರ್ಷದಲ್ಲಿ ಎರಡು ಸಲ ಬದಲಾಗಿದೆ. 2011ರ ಸುನಾಮಿಯಲ್ಲಿ ಜಪಾನಿನ ಮಿಯಾಗಿ ತೀರದ ಆಯ್ಸ್ಟರ್ ರೈತರು ಎಲ್ಲವನ್ನೂ ಕಳೆದುಕೊಂಡಾಗ ಫ್ರೆಂಚ್ ಬೆಳೆಗಾರರು ಹಗ್ಗ, ಬಲೆ ಮುಂತಾದ ಸಾಮಾನು ಕಳಿಸಿ ಹಳೆಯ ಋಣ ತೀರಿಸಿದರು.

ತಿಂಗಳಿನ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲಿಷ್ ಹೆಸರಿನಲ್ಲಿ ‘ಆರ್’ ಅಕ್ಷರವಿಲ್ಲದ ತಿಂಗಳುಗಳಲ್ಲಿ, ಅಂದರೆ ಮೇಯಿಂದ ಆಗಸ್ಟಿನವರೆಗೆ, ತಿನ್ನಬಾರದು ಎಂಬ ಹಳೆಯ ಮಾತು ಉತ್ತರ ಗೋಳಾರ್ಧಕ್ಕೆ ಹೊಂದುತ್ತದೆ. ನೀರು ಬೆಚ್ಚಗಾದಾಗ ಆಯ್ಸ್ಟರ್ ಕೂಡಿಟ್ಟ ಗ್ಲೈಕೊಜೆನ್ನನ್ನೆಲ್ಲ ಮೊಟ್ಟೆ, ವೀರ್ಯಕ್ಕೆ ಖರ್ಚುಮಾಡುತ್ತದೆ. ಆಗ ಮಾಂಸ ಹಾಲಿನ ಹಾಗೆ ಬಿಳಿಚಿ ಮೆತ್ತಗಾಗುತ್ತದೆ. ಎಲ್ಲ ಮುಗಿದ ಮೇಲೆ ನೀರುನೀರು. ಪ್ರತಿ ವರ್ಣತಂತುವಿಗೂ ಎರಡರ ಬದಲು ಮೂರು ಪ್ರತಿಗಳಿರುವ, ಸಂತಾನವಿಲ್ಲದ ಆಯ್ಸ್ಟರುಗಳು ಬಂದ ಮೇಲೆ ಬೇಸಿಗೆಯಲ್ಲೂ ಕೊಬ್ಬಿದವು ಸಿಗುತ್ತವೆ. ಆದರೂ ಡಿಸೆಂಬರಿನದರ ಸಿಹಿಗೆ ಅವು ಸಾಟಿಯಲ್ಲ. ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್ ಆಯ್ಸ್ಟರಿನ ಹಂಗಾಮು ಮಾರ್ಚಿನಿಂದ ಆಗಸ್ಟಿನವರೆಗೆ. ಅಲ್ಲಿ ಅಕ್ಷರದ ಲೆಕ್ಕ ತಲೆಕೆಳಗು.

ತಣ್ಣೀರು ತಣ್ಣಗೇ ಉಳಿಯುತ್ತದೆಂಬ ಭರವಸೆಯೂ ಈಗಿಲ್ಲ. 2021ರ ಜೂನ್ ಕೊನೆಯ ಬಿಸಿಗಾಳಿಗೆ ವಾಷಿಂಗ್ಟನ್, ಬ್ರಿಟಿಷ್ ಕೊಲಂಬಿಯಾ ತೀರಗಳಲ್ಲಿ ಇಳಿತದ ಹೊತ್ತಿನಲ್ಲಿ ಚಿಪ್ಪುಜೀವಿಗಳು ಇದ್ದಲ್ಲೇ ಬೆಂದವು. ವಿಬ್ರಿಯೊ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಿದ್ದವರೂ ಹೆಚ್ಚಾದರು. ಅದಕ್ಕೂ ಮೊದಲು, 2007ರ ನಂತರದ ಎರಡು ಮೂರು ವರ್ಷ, ಒರೆಗಾನಿನ ವಿಸ್ಕಿ ಕ್ರೀಕ್ ಮರಿಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಮೇಲೆದ್ದ ನೀರು ಇಂಗಾಲಾಮ್ಲದಿಂದ ಹುಳಿಯಾಗಿದ್ದು, ಎಳೆಯ ಮರಿಗಳಿಗೆ ಚಿಪ್ಪು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ನೀರಿಗೆ ವಾಷಿಂಗ್ ಸೋಡಾ ಬೆರೆಸಿ ಹುಳಿ ಮುರಿದ ಮೇಲೆ ಮರಿಗಳು ಬದುಕಿದವು. ಮಾಲ್ಪೀಕಿನ ನಾಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 2024ರಲ್ಲಿ ಎಂಎಸ್‌ಎಕ್ಸ್ ಎಂಬ ರೋಗ ಕಾಣಿಸಿಕೊಂಡಿದೆ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ಆಯ್ಸ್ಟರಿಗೆ ಮಾರಿ.

ಹೊಸದಾಗಿ ರುಚಿ ನೋಡುವವರಿಗೆ ನನ್ನ ಸಲಹೆ ಇಷ್ಟು. ಹತ್ತು ಹೆಸರಿನ ತಟ್ಟೆ ತರಿಸಬೇಡಿ. ನಾಲ್ಕನೆಯದಕ್ಕೇ ಎಲ್ಲ ಕಲಸಿಹೋಗುತ್ತದೆ. ಒಂದು ದಿನ ಮೂರು ತಳಿಯದು ಎರಡೆರಡು ಕೇಳಿ: ಕುಮಾಮೊಟೊ, ಒಂದು ಅಟ್ಲಾಂಟಿಕ್, ಕೊನೆಯಲ್ಲಿ ಚಪ್ಪಟೆ. ಚಪ್ಪಟೆಯನ್ನು ಮೊದಲೇ ತಿಂದರೆ ಉಳಿದವು ನೀರಾಗುತ್ತವೆ. ಇನ್ನೊಂದು ದಿನ ಒಂದೇ ತಳಿ, ಮೂರು ಊರು. ಕೊಯ್ಲಾದ ತಾರೀಖನ್ನು ಸಂಕೋಚವಿಲ್ಲದೆ ಕೇಳಿ; ಅಮೆರಿಕದಲ್ಲಿ ಪ್ರತಿ ಚೀಲಕ್ಕೂ ಕೊಯ್ಲಿನ ಜಾಗ, ದಿನ ಬರೆದ ಚೀಟಿ ಇರಲೇಬೇಕು. ಯಕೃತ್ತಿನ ತೊಂದರೆ, ಮಧುಮೇಹ ಇರುವವರು, ಬಸುರಿಯರು ಹಸಿ ಆಯ್ಸ್ಟರಿನ ಆಸೆ ಬಿಡುವುದು ಒಳ್ಳೆಯದು. ತಣ್ಣೀರಿನಲ್ಲಿ ವಿಬ್ರಿಯೊ ಕಡಿಮೆ ನಿಜ. ಆದರೆ ವಾಂತಿ-ಭೇದಿ ತರುವ ನೊರೊವೈರಸ್ಸಿಗೆ ಚಳಿಯೆಂದರೆ ಭಯವಿಲ್ಲ.

ನಮ್ಮ ಕಾಳಿ ಅಳಿವೆಯ ಕಲ್ವವನ್ನು ಹೀಗೆ ತಿನ್ನಬಹುದೇ ಎಂದು ಕರಾವಳಿಯ ಗೆಳೆಯರು ಕೇಳುತ್ತಾರೆ. ಬೇಡ. ನಮ್ಮ ತಳಿಯೇ ಬೇರೆ, ನೀರು ವರ್ಷದ ಬಹುಪಾಲು 28, 30 ಡಿಗ್ರಿ. ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳಿಗೆ ಅದು ಹೇಳಿಮಾಡಿಸಿದ ಹದ. ಜೊತೆಗೆ ದಡದ ಊರುಗಳ ಕೊಳೆನೀರು. ಉಪ್ಪಿನ ಲೆಕ್ಕ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿನೀರೇ ಆಗಿಬಿಡುತ್ತದೆ, ಕಲ್ವ ಬಾಯಿ ಮುಚ್ಚಿ ದಿನ ನೂಕುತ್ತದೆ. ಹಾಗಾಗಿ ಮಳೆಗೆ ಮುಂಚೆ, ನೀರು ಉಪ್ಪಾಗಿರುವ ತಿಂಗಳುಗಳಲ್ಲಿ ತಂದದ್ದೇ ವಾಸಿ. ಚಿಪ್ಪು ಬಾಯಿಬಿಟ್ಟ ಮೇಲೂ ಮೂರರಿಂದ ಐದು ನಿಮಿಷ ಕುದಿಯಲಿ. ಬಾಯಿಬಿಡದ್ದನ್ನು ಎಸೆಯಿರಿ. ಬೆಂದ ನೀರನ್ನು ಮಾತ್ರ ಚೆಲ್ಲಬೇಡಿ, ಬಟ್ಟೆಯಲ್ಲಿ ಸೋಸಿ ಕಾಯಿ ಮಸಾಲೆಗೆ ಹಾಕಿ, ಬೇರೆ ಉಪ್ಪು ಹಾಕುವ ಮೊದಲು ಒಮ್ಮೆ ರುಚಿ ನೋಡಿ.